ಎಂಡೊಮೆಟ್ರಿಯೋಸಿಸ್‌ಗೆಂದು ಊಟ ಬದಲಿಸಿದೆ, ಈಗ ಹೊಟ್ಟೆಯೇ ಕೆಟ್ಟಿದೆ: ಮುಂದುವರಿಸಲೇ, ಬಿಡಲೇ?

ಪ್ರಶ್ನೆ: ನನಗೆ 31 ವರ್ಷ. ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿದ್ದೇವೆ, ಸಸ್ಯಾಹಾರಿಗಳು. ಮುಟ್ಟಿನ ವಿಪರೀತ ನೋವಿಗೆ ಕಳೆದ ವರ್ಷ ಸ್ಕ್ಯಾನ್ ಮಾಡಿಸಿದಾಗ ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ಇದೆ, ಇದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ ಎಂದು ವೈದ್ಯರು ತಿಳಿಸಿದರು. ಅಂದಿನಿಂದ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ. ಮುಟ್ಟು ನಿಂತಿದೆ, ನೋವು ಬಹುಪಾಲು ಇಳಿದಿದೆ. ಊಟದಿಂದಲೇ ಈ ಕಾಯಿಲೆಯನ್ನು ಹತೋಟಿಗೆ ತರಬಹುದೆಂದು ವಿಡಿಯೊಗಳಲ್ಲಿ ನೋಡಿ, ಮಳೆಗಾಲದ ಆರಂಭದಲ್ಲಿ ಗೋಧಿ, ಹಾಲು, ಮೊಸರು, ಸಕ್ಕರೆ, ಕಾಫಿ ಎಲ್ಲವನ್ನೂ ಒಂದೇ ವಾರದಲ್ಲಿ ಬಿಟ್ಟೆ. ಅನ್ನದ ಬದಲು ಎರಡು ಹೊತ್ತು ರಾಗಿ, ಬೆಳಿಗ್ಗೆ ಮೂರು ದೊಡ್ಡ ಚಮಚ ಅಗಸೆ ಬೀಜದ ಪುಡಿ, ಹಸಿ ಮೊಳಕೆ ಹೆಸರುಕಾಳು, ರಾತ್ರಿ ಎಲೆಕೋಸು ಮತ್ತು ಈರುಳ್ಳಿಯ ಹಸಿ ಕೋಸಂಬರಿ. ಜೊತೆಗೆ ಕಬ್ಬಿಣದ ಮಾತ್ರೆ, ಮೆಗ್ನೀಸಿಯಂ ಮಾತ್ರೆ, ಅರಿಶಿನದ ಕ್ಯಾಪ್ಸೂಲ್. ಈಗ ಸಂಜೆಯಾಗುತ್ತಿದ್ದಂತೆ ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲುವುದಿಲ್ಲ. ಮೂರು ದಿನ ಮಲ ಹೋಗುವುದಿಲ್ಲ, ನಾಲ್ಕನೆಯ ದಿನ ನೀರಾಗಿ ಹೋಗುತ್ತದೆ. ಒಳಗಿನ ವಿಷ ಹೊರಹೋಗುವಾಗ ಹೀಗಾಗುತ್ತದೆ, ಬಿಡಬೇಡ ಎಂದು ಕೆಲವರು ಹೇಳುತ್ತಾರೆ. ಅತ್ತೆಯವರು ಮೊದಲಿನಂತೆ ಉಣ್ಣು ಎನ್ನುತ್ತಾರೆ. ಯಾರ ಮಾತು ಕೇಳಲಿ? ಹಾಲನ್ನು ಬಿಡಲೇಬೇಕೆ? ಮುಂದಿನ ವರ್ಷ ಮಗುವಿಗೆ ಪ್ರಯತ್ನಿಸುವ ಯೋಚನೆಯೂ ಇದೆ.

ಉತ್ತರ: ವಿಷ ಹೊರಹೋಗುತ್ತಿದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ನಮ್ಮ ದೇಹದಲ್ಲಿ ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಸದ್ದಿಲ್ಲದೆ ಮಾಡುತ್ತವೆ. ಅದಕ್ಕೆ ಹೊಟ್ಟೆ ಉಬ್ಬಬೇಕಾಗಿಲ್ಲ, ಭೇದಿಯೂ ಆಗಬೇಕಾಗಿಲ್ಲ. ಈ ನಂಬಿಕೆಯಿಂದ ಆಗುವ ನಿಜವಾದ ಹಾನಿ ಎಂದರೆ, ದೇಹ ಬೇಡವೆಂದು ಹೇಳುತ್ತಿರುವುದನ್ನೇ ಹೆಣ್ಣುಮಕ್ಕಳು ಗುಣವಾಗುವ ಲಕ್ಷಣವೆಂದು ತಿಳಿದು ತಿಂಗಳುಗಟ್ಟಲೆ ಸಹಿಸುತ್ತಾರೆ. ನಿಮ್ಮ ತೊಂದರೆಯ ಬಹುಭಾಗಕ್ಕೆ ಕಾರಣ ನೀವು ಆರಿಸಿಕೊಂಡ ಆಹಾರ ಕೆಟ್ಟದ್ದು ಎಂಬುದಲ್ಲ. ಅಷ್ಟನ್ನೂ ಒಂದೇ ವಾರದಲ್ಲಿ, ಅಷ್ಟು ಪ್ರಮಾಣದಲ್ಲಿ ಬದಲಿಸಿದ್ದು. ಆದ್ದರಿಂದ ಎಲ್ಲವನ್ನೂ ಮುಂದುವರಿಸುವುದೂ ಬೇಡ, ಎಲ್ಲವನ್ನೂ ಕೈಬಿಡುವುದೂ ಬೇಡ. ಬಿಚ್ಚಿ, ಒಂದೊಂದಾಗಿ ಮತ್ತೆ ಕಟ್ಟಿಕೊಳ್ಳಬೇಕು.

ಮೊದಲು ನಾರಿನಂಶದ ಲೆಕ್ಕ ನೋಡೋಣ. ಪಾಲಿಷ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರು ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ, ಇಡಿ ಹೆಸರುಕಾಳಿನಲ್ಲಿ 17 ಗ್ರಾಂ, ಅಗಸೆ ಬೀಜದಲ್ಲಿ 26 ಗ್ರಾಂ ಇರುತ್ತದೆ. ನಿಮ್ಮ ಎರಡು ಹೊತ್ತಿನ ರಾಗಿ, ಮೂರು ಚಮಚ ಅಗಸೆ, ಒಂದು ಬಟ್ಟಲು ಮೊಳಕೆಕಾಳು ಸೇರಿದರೆ ಅವುಗಳಿಂದಲೇ 30 ಗ್ರಾಂ ದಾಟುತ್ತದೆ. ತರಕಾರಿಯ ಲೆಕ್ಕ ಬೇರೆ. ದಿನಕ್ಕೆ 30 ಗ್ರಾಂ ಎಂಬುದು ಆರೋಗ್ಯವಂತರಿಗೆ ಹೇಳುವ ಒಳ್ಳೆಯ ಪ್ರಮಾಣವೇ ಹೌದು. ಆದರೆ ಅನ್ನ, ಸಾರು, ಕಡುಬಿನ ಊಟದಲ್ಲಿ ಅದರ ಅರ್ಧದಷ್ಟೂ ಕಾಣದೆ ಬೆಳೆದ ಕರುಳಿಗೆ ವಾರದೊಳಗೆ ಅಷ್ಟನ್ನು ಹೊರಿಸಿದರೆ ಅದು ತಡೆದುಕೊಳ್ಳುವುದಿಲ್ಲ. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ, ಆಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಕೆಲವರಲ್ಲಿ ಮೀಥೇನ್ ಅನಿಲಗಳು ಹುಟ್ಟುತ್ತವೆ. ಹೊಸ ಆಹಾರಕ್ಕೆ ಈ ಸೂಕ್ಷ್ಮಜೀವಿಗಳ ಬಳಗ ಹೊಂದಿಕೊಳ್ಳಲು ಕೆಲವು ವಾರಗಳೇ ಬೇಕು. ನಿಧಾನವಾಗಿ ಏರಿಸಿದವರಿಗೆ ಈ ಉಬ್ಬರ ಬಹಳ ಮಟ್ಟಿಗೆ ತಪ್ಪುತ್ತದೆ.

ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಇದರ ಮೇಲೆ ಇನ್ನೊಂದು ಕಷ್ಟ ಸೇರುತ್ತದೆ. ವರ್ಷಗಟ್ಟಲೆ ಕಿಬ್ಬೊಟ್ಟೆಯ ಉರಿಯೂತ ಮತ್ತು ನೋವನ್ನು ಅನುಭವಿಸಿದ ನರಗಳು ಅತಿಸೂಕ್ಷ್ಮವಾಗಿಬಿಡುತ್ತವೆ. ಬೇರೆಯವರಿಗೆ ಗಮನಕ್ಕೂ ಬಾರದಷ್ಟು ಗಾಳಿ ತುಂಬಿದರೂ ಇವರಿಗೆ ನೋವಾಗುತ್ತದೆ. ಗರ್ಭಕೋಶ, ಮೂತ್ರಕೋಶ, ಗುದನಾಳಗಳಿಗೆ ಹೋಗುವ ನರಗಳು ಬೆನ್ನುಹುರಿಯ ಒಂದೇ ಪ್ರದೇಶದಲ್ಲಿ ಸೇರುವುದರಿಂದ ಒಂದರ ನೋವು ಇನ್ನೊಂದರದ್ದಾಗಿ ಕಾಣುವುದೂ ಉಂಟು. ಕೆರಳುವ ಕರುಳಿನ ತೊಂದರೆ, ಅಂದರೆ ವೈದ್ಯರು ಐಬಿಎಸ್ ಎನ್ನುವ ಸ್ಥಿತಿ, ಈ ಕಾಯಿಲೆ ಇರುವ ಹೆಂಗಸರಲ್ಲಿ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಕಂಡುಬರುತ್ತದೆ. ಆದ್ದರಿಂದ ಮನೆಯವರೆಲ್ಲರೂ ಅದೇ ಮೊಳಕೆಕಾಳು ತಿಂದು ಚೆನ್ನಾಗಿದ್ದಾರಲ್ಲ, ನನಗೊಬ್ಬಳಿಗೇ ಏಕೆ ಎಂದು ಕೊರಗಬೇಡಿ. ನಿಮ್ಮ ನೋವು ಕಲ್ಪನೆಯಲ್ಲ.

ಇನ್ನು ಮೂರು ದಿನ ಬಿಗಿತ, ನಾಲ್ಕನೆಯ ದಿನ ನೀರು ಎಂಬ ವಿಷಯ. ನಾರು ಕೆಲಸ ಮಾಡಬೇಕಾದರೆ ಅದಕ್ಕೆ ನೀರು ಬೇಕು. ಅಗಸೆಯ ಪುಡಿಯಂತೂ ತನ್ನ ಗಾತ್ರದ ಹಲವು ಪಟ್ಟು ನೀರನ್ನು ಹೀರಿ ಲೋಳೆಯಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ. ಬೇಸಿಗೆಯಲ್ಲಿ ಚೊಂಬುಗಟ್ಟಲೆ ನೀರು, ಮಜ್ಜಿಗೆ ಕುಡಿಯುವವರು ಆಷಾಢ, ಶ್ರಾವಣಗಳಲ್ಲಿ ಎರಡು ಲೋಟಕ್ಕೆ ಇಳಿಯುತ್ತಾರೆ. ನೀವು ಬದಲಾವಣೆ ಆರಂಭಿಸಿದ್ದೂ ಅದೇ ಹೊತ್ತಿಗೆ. ಕಾಫಿ ಹಲವರಲ್ಲಿ ಬೆಳಗಿನ ಕರುಳಿನ ಚಲನೆಯನ್ನು ಎಬ್ಬಿಸುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದಾಗಲೂ ಕೆಲವು ದಿನ ಮಲಬದ್ಧತೆ ಮತ್ತು ತಲೆನೋವು ಬರುವುದುಂಟು. ಡೈನೋಜೆಸ್ಟ್ ಕೂಡ ಕೆಲವರಲ್ಲಿ ಹೊಟ್ಟೆ ಉಬ್ಬರ ಮತ್ತು ಮಲಬದ್ಧತೆ ತರುತ್ತದೆ. ಆದರೆ ನೀವು ಅದನ್ನು ಕಳೆದ ವರ್ಷದಿಂದಲೇ ತೆಗೆದುಕೊಳ್ಳುತ್ತಿದ್ದು ತೊಂದರೆ ಈಗ ಹೊಸದಾಗಿ ಬಂದಿರುವುದರಿಂದ ಮಾತ್ರೆಯನ್ನು ಮೊದಲ ಅಪರಾಧಿಯೆಂದು ನಾನು ಹೇಳಲಾರೆ, ಅದನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ಉಳಿದ ಮಾತ್ರೆಗಳ ವಿಷಯ ಹಾಗಲ್ಲ. ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿಯಾಗಿಸಿ ಕಪ್ಪಾಗಿಸುತ್ತದೆ, ಮೆಗ್ನೀಸಿಯಂ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿ ಮಾಡಿಸುತ್ತದೆ. ಒಂದು ಕಟ್ಟುತ್ತದೆ, ಇನ್ನೊಂದು ಬಿಡಿಸುತ್ತದೆ. ನಿಮ್ಮ ನಾಲ್ಕು ದಿನದ ಚಕ್ರಕ್ಕೆ ಈ ಜೋಡಿಯ ಕೊಡುಗೆ ದೊಡ್ಡದಿರಬಹುದು. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ, ಕಬ್ಬಿಣ ನಿಜವಾಗಿ ಬೇಕೇ ಎಂದು ನೋಡಿ. ಮುಟ್ಟು ನಿಂತಿರುವಾಗ ಎಲ್ಲರಿಗೂ ಅದು ಬೇಕಾಗುವುದಿಲ್ಲ, ಬೇಕಾದರೂ ದಿನ ಬಿಟ್ಟು ದಿನ ತೆಗೆದುಕೊಂಡರೆ ಹೊಟ್ಟೆಗೆ ಹಗುರ. ಮೆಗ್ನೀಸಿಯಂ ಅನ್ನು ವೈದ್ಯರು ಬರೆದುಕೊಟ್ಟಿಲ್ಲವಾದರೆ ಈಗ ನಿಲ್ಲಿಸಿ. ಅರಿಶಿನದ ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅಡುಗೆಗೆ ಹಾಕುವ ಅರಿಶಿನಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಸಾರ ತೆಗೆದು, ಕಾಳುಮೆಣಸಿನ ಸತ್ವ ಸೇರಿಸಿ ಮಾಡಿದ ಹೆಚ್ಚು ಪ್ರಮಾಣದ ಕ್ಯಾಪ್ಸೂಲುಗಳಿಂದ ಹೊಟ್ಟೆ ಉರಿ, ಭೇದಿ, ಅಪರೂಪಕ್ಕೆ ಯಕೃತ್ತಿನ ಹಾನಿಯೂ ಆಗಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ; ಗರ್ಭ ಧರಿಸುವ ಯೋಚನೆ ಇರುವವರಿಗೆ ಅದು ಸಲ್ಲದು. ನೋವಿಗೆ ಮೆಫೆನಾಮಿಕ್ ಆಮ್ಲದ ಮಾತ್ರೆಯನ್ನು ಆಗಾಗ ನುಂಗುವ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅದರಿಂದಲೂ ಹೊಟ್ಟೆ ಉರಿ, ಭೇದಿ ಬರುತ್ತವೆ.

ಆಹಾರದಿಂದ ಈ ಕಾಯಿಲೆಗೆ ಆಗುವ ಪ್ರಯೋಜನ ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ ಬೆಳೆದಿರುವುದನ್ನಾಗಲಿ ಚಾಕೊಲೇಟ್ ಸಿಸ್ಟನ್ನಾಗಲಿ ಕರಗಿಸುವ ಊಟ ಯಾವುದೂ ಇಲ್ಲ. ಯುರೋಪಿನ ಮಾನವ ಸಂತಾನೋತ್ಪತ್ತಿ ತಜ್ಞರ ಸಂಘ 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ನೋವು ಕಡಿಮೆ ಮಾಡಲು ನಿರ್ದಿಷ್ಟ ಆಹಾರಕ್ರಮವೊಂದನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿದೆ. ಗೋಧಿ ಬಿಡಿ ಎನ್ನುವವರು ಸಾಮಾನ್ಯವಾಗಿ ತೋರಿಸುವುದು 2012ರಲ್ಲಿ ಇಟಲಿಯಿಂದ ಬಂದ ಅಧ್ಯಯನವನ್ನು. ಅದರಲ್ಲಿ 207 ಹೆಂಗಸರು ಒಂದು ವರ್ಷ ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನ್) ಬಿಟ್ಟಾಗ ನಾಲ್ವರಲ್ಲಿ ಮೂವರಿಗೆ ನೋವು ಇಳಿಯಿತು ಎಂದಿದೆ ನಿಜ, ಆದರೆ ಗ್ಲುಟನ್ ಬಿಡದ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿಲ್ಲ. ಹೋಲಿಕೆಯಿಲ್ಲದೆ ಅದು ಊಟದ ಫಲವೋ ಕಾಲದ ಫಲವೋ ನಂಬಿಕೆಯ ಫಲವೋ ತಿಳಿಯುವುದಿಲ್ಲ. ನಿಮ್ಮದೇ ಉದಾಹರಣೆ ತೆಗೆದುಕೊಳ್ಳಿ: ನೋವು ಇಳಿದಿರುವುದಕ್ಕೆ ಡೈನೋಜೆಸ್ಟ್ ಒಂದೇ ಸಾಕಷ್ಟು ಕಾರಣ.

ಕರುಳಿನ ಲಕ್ಷಣಗಳ ಮಟ್ಟಿಗೆ ಮಾತ್ರ ಆಹಾರಕ್ಕೆ ಉತ್ತಮ ಆಧಾರ ಸಿಗುತ್ತಿದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಕಡಿಮೆಯ ಆಹಾರಕ್ರಮ ಎಂಬುದೊಂದಿದೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಬೇಗ ಹುಳಿಯುವ ಕೆಲವು ಬಗೆಯ ಸಕ್ಕರೆಗಳನ್ನು ಅದರಲ್ಲಿ ಸ್ವಲ್ಪ ಕಾಲ ತಗ್ಗಿಸುತ್ತಾರೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್, ಕಾಳುಗಳಲ್ಲಿರುವ ಗ್ಯಾಲಕ್ಟೊ ಆಲಿಗೊಸ್ಯಾಕರೈಡ್, ಹಾಲಿನ ಲ್ಯಾಕ್ಟೋಸ್, ಮಾವು ಮತ್ತು ಜೇನಿನಲ್ಲಿ ಹೆಚ್ಚಿರುವ ಫ್ರಕ್ಟೋಸ್ ಇವು ಆ ಸಕ್ಕರೆಗಳು. ಎಂಡೊಮೆಟ್ರಿಯೋಸಿಸ್ ಜೊತೆಗೆ ಕರುಳಿನ ತೊಂದರೆಯೂ ಇದ್ದ 35 ಹೆಂಗಸರಿಗೆ ಇದೇ ವಿಶ್ವವಿದ್ಯಾಲಯದವರು ಎರಡು ಬಗೆಯ ಊಟವನ್ನು ಸರದಿಯ ಮೇಲೆ ಕೊಟ್ಟು ನೋಡಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಾಡ್‌ಮ್ಯಾಪ್ ಕಡಿಮೆಯಿದ್ದ ಊಟದಲ್ಲಿ ಶೇ 60ರಷ್ಟು ಮಂದಿಗೆ ಕರುಳಿನ ಲಕ್ಷಣಗಳು ತಗ್ಗಿದವು, ಸಾಮಾನ್ಯ ಊಟದಲ್ಲಿ ಶೇ 26ರಷ್ಟು ಮಂದಿಗೆ. ಅಧ್ಯಯನ ಸಣ್ಣದಾದರೂ ಕ್ರಮಬದ್ಧವಾದದ್ದು. ಈ ಬೆಳಕಿನಲ್ಲಿ ನಿಮ್ಮ ತಟ್ಟೆಯನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಗೋಧಿ ಬಿಟ್ಟು ಫ್ರಕ್ಟಾನ್ ತಗ್ಗಿಸಿಕೊಂಡಿರಿ, ಆದರೆ ರಾತ್ರಿಯ ಹಸಿ ಈರುಳ್ಳಿಯಲ್ಲಿ ಅದೇ ಫ್ರಕ್ಟಾನ್ ಒಳಗೆ ಬಂತು, ಮೊಳಕೆಕಾಳಿನಲ್ಲಿ ಇನ್ನೊಂದು ಬಗೆಯದು ಸೇರಿತು.

ಗೋಧಿಯ ಬಗ್ಗೆ ಒಂದು ಮಾತು. ಗೋಧಿಯಿಂದ ನಿಮಗೆ ಹಿಂದೆಯೂ ತೊಂದರೆಯಾಗುತ್ತಿತ್ತು ಎಂಬ ಬಲವಾದ ಅನುಮಾನವಿದ್ದರೆ ಸೀಲಿಯಾಕ್ ಕಾಯಿಲೆಯ, ಅಂದರೆ ಗ್ಲುಟನ್ ತಿಂದಾಗ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆಯ, ರಕ್ತಪರೀಕ್ಷೆ ಮಾಡಿಸಬೇಕು. ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಅದು ವಿರಳ. ಆದರೆ ಗೋಧಿ ತಿನ್ನದೆ ಇರುವಾಗ ಮಾಡಿಸಿದ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ. ಮೊದಲು ಕೆಲವು ವಾರ ದಿನವೂ ತಿಂದು ಆಮೇಲೆ ರಕ್ತ ಕೊಡಬೇಕಾಗುತ್ತದೆ. ಅಂಥ ಅನುಮಾನ ಇಲ್ಲದಿದ್ದರೆ ಗೋಧಿಗೆ ಹೆದರುವ ಅಗತ್ಯವಿಲ್ಲ.

ಈಗ ಮಾಡಬೇಕಾದದ್ದು. ಮುಂದಿನ ಎರಡು ವಾರ ಅತ್ತೆಯವರ ಮಾತಿಗೆ ಹತ್ತಿರವಾಗಿರಿ. ಮಲೆನಾಡಿನ ಅಡುಗೆಮನೆಯಲ್ಲಿ ಕರುಳಿಗೆ ಹಿತವಾದದ್ದು ಎಷ್ಟೊಂದಿದೆ! ಅದನ್ನೆಲ್ಲ ಬಿಟ್ಟು ದೂರದವರು ಹೇಳಿದ ಹಸಿ ಎಲೆಕೋಸನ್ನು ಕಣ್ಣೀರಿಡುತ್ತ ತಿನ್ನುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ. ಅನ್ನ, ಗಂಜಿ, ಕಡುಬು, ಅಕ್ಕಿ ರೊಟ್ಟಿ, ಚೆನ್ನಾಗಿ ಹುಳಿ ಬಂದ ಹಿಟ್ಟಿನ ದೋಸೆ ಇವು ಗಾಳಿ ಕಟ್ಟುವುದು ಕಡಿಮೆ. ತರಕಾರಿಯನ್ನು ಹಸಿಯಾಗಿ ತಿನ್ನದೆ ಬೇಯಿಸಿ; ಸೌತೆ, ಹೀರೆ, ಪಡವಲ, ಕುಂಬಳ, ಬದನೆ, ಕ್ಯಾರೆಟ್, ಬಸಳೆಯಂಥವು ಇರಲಿ. ಎಲೆಕೋಸು, ಹೂಕೋಸು ಸದ್ಯಕ್ಕೆ ಬೇಡ. ಕಾಳು ಬೇಕೆನಿಸಿದರೆ ಸಿಪ್ಪೆ ತೆಗೆದ ಹೆಸರುಬೇಳೆಯ ತೊವ್ವೆ ಸಾಕು. ಮುಂದೆ ಕಾಳುಗಳನ್ನು ಮತ್ತೆ ತರುವಾಗ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಗಾಳಿ ಕಟ್ಟುವ ಸಕ್ಕರೆಯ ಒಂದು ಪಾಲು ಚೆಲ್ಲಿದ ನೀರಿನಲ್ಲೇ ಹೋಗಿಬಿಡುತ್ತದೆ. ಮೊಳಕೆ ಬರಿಸಿದರೂ ಹಬೆಯಲ್ಲಿ ಬೇಯಿಸದೆ ತಿನ್ನಬೇಡಿ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಅಡುಗೆ ಮಾಡುವುದು ನಮ್ಮ ಅನೇಕ ಮನೆಗಳಲ್ಲಿ ಮೊದಲಿನಿಂದ ಇರುವ ರೂಢಿಯೇ. ಇಂಗಿನ ಒಗ್ಗರಣೆ, ಜೀರಿಗೆ, ಶುಂಠಿ, ಕರಿಬೇವಿನಲ್ಲಿ ರುಚಿ ಬರುತ್ತದೆ. ಬೆಳ್ಳುಳ್ಳಿಯ ಪರಿಮಳ ಬೇಕೇ ಬೇಕೆನಿಸಿದರೆ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ, ಎಣ್ಣೆಯನ್ನು ಮಾತ್ರ ಬಳಸಿ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆಯೇ ಹೊರತು ಎಣ್ಣೆಗೆ ಇಳಿಯುವುದಿಲ್ಲ. ಒಂದೆಲಗ ಅಥವಾ ದೊಡ್ಡಪತ್ರೆಯ ತಂಬುಳಿಯನ್ನು ಹೊಟ್ಟೆಗೆ ಮದ್ದೆಂದು ಹೇಳಲಾರೆ, ಆದರೆ ಮಳೆಗಾಲದಲ್ಲಿ ದ್ರವಾಂಶ ದೇಹಕ್ಕೆ ಸೇರಲು ಅದು ಒಳ್ಳೆಯ ದಾರಿ. ಬಿಸಿ ಸಾರು, ಗಂಜಿ ತಿಳಿ, ಜೀರಿಗೆ ಕಷಾಯ, ಪುನರ್ಪುಳಿ ನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಟ್ಟು ಎಂಟು ಲೋಟಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಿ. ಹಲಸಿನ ಹಣ್ಣು, ಹಲಸಿನ ಬೀಜ, ಕಳಲೆ ಪಲ್ಯಗಳು ಮಳೆಗಾಲದ ಸಂಭ್ರಮವೇ ಹೌದು, ಆದರೆ ಅವು ಗಾಳಿ ಕಟ್ಟುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಟ್ಟೆ ಶಾಂತವಾಗುವವರೆಗೆ ಮುಂದೂಡಿ. ಪತ್ರೊಡೆ ಒಂದೆರಡು ತುಂಡು ತಿಂದರೆ ಏನೂ ಆಗದು.

ಎರಡು ವಾರದ ನಂತರ ಹೊಟ್ಟೆ ಇಳಿದಿದ್ದರೆ ನಾರನ್ನು ಮತ್ತೆ ಏರಿಸತೊಡಗಿ. ಮೊದಲ ವಾರ ರಾಗಿ ಒಂದು ಹೊತ್ತು, ಅಂಬಲಿಯಾಗಿಯೋ ತೆಳು ರೊಟ್ಟಿಯಾಗಿಯೋ. ಅದು ಒಗ್ಗಿದ ಮೇಲೆ ಅಗಸೆ ಪುಡಿ ಒಂದು ಸಣ್ಣ ಚಮಚ, ಒಂದು ದೊಡ್ಡ ಲೋಟ ನೀರಿನೊಡನೆ. ವಾರಗಳು ಕಳೆದಂತೆ ಒಂದು ದೊಡ್ಡ ಚಮಚದವರೆಗೆ ಹೋಗಬಹುದು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಕಾಳು, ಕೊನೆಗೆ ಈರುಳ್ಳಿ, ಗೋಧಿ. ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ನಾಲ್ಕು ದಿನ ಪ್ರಮಾಣ ಏರಿಸುತ್ತ ನೋಡಿ, ತಾರೀಖಿನೊಡನೆ ಬರೆದಿಡಿ. ತೊಂದರೆ ಕೊಟ್ಟದ್ದನ್ನು ಶಾಶ್ವತವಾಗಿ ದೂರವಿಡಬೇಕೆಂದಲ್ಲ; ಅದರ ಪ್ರಮಾಣದ ಮಿತಿ ನಿಮಗೆ ತಿಳಿದರೆ ಸಾಕು. ಫಾಡ್‌ಮ್ಯಾಪ್ ಪದಾರ್ಥಗಳನ್ನು ಆರು ವಾರಕ್ಕಿಂತ ಹೆಚ್ಚು ಕಾಲ ಪೂರ್ತಿ ಬಿಡುವುದು ತರವಲ್ಲ, ಏಕೆಂದರೆ ಕರುಳಿಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳಿಗೂ ಅದೇ ಆಹಾರ.

ಹಾಲನ್ನು ಬಿಡಲೇಬೇಕೆಂಬುದಕ್ಕೆ ಆಧಾರವಿಲ್ಲ. ಅಮೆರಿಕದ ದಾದಿಯರನ್ನು ಹಲವು ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಾಲಿನ ಪದಾರ್ಥ ತಿನ್ನುತ್ತಿದ್ದವರಲ್ಲಿ ಎಂಡೊಮೆಟ್ರಿಯೋಸಿಸ್ ಪತ್ತೆಯಾದದ್ದು ಶೇ 18ರಷ್ಟು ಕಡಿಮೆಯಿತ್ತು. ಹಾಲು ಕಾಯಿಲೆಯನ್ನು ತಡೆಯುತ್ತದೆ ಎಂದು ಇದರಿಂದ ಹೇಳಲಾಗದು, ಆದರೆ ಹಾಲು ಕಾಯಿಲೆಯನ್ನು ಬೆಳೆಸುತ್ತದೆ ಎಂಬ ಭಯಕ್ಕೆ ಬೆಂಬಲವಂತೂ ಸಿಗುವುದಿಲ್ಲ. ಲ್ಯಾಕ್ಟೋಸ್ ಜೀರ್ಣಿಸುವ ಶಕ್ತಿ ನಮ್ಮಲ್ಲಿ ಅನೇಕರಿಗೆ ವಯಸ್ಸಾದಂತೆ ತಗ್ಗುತ್ತದೆ. ಅಂಥವರಿಗೂ ಮೊಸರು, ಮಜ್ಜಿಗೆ ಹಾಲಿಗಿಂತ ಚೆನ್ನಾಗಿ ಒಗ್ಗುತ್ತವೆ. ನೀವು ಮಜ್ಜಿಗೆಯಿಂದ ಆರಂಭಿಸಿ. ಬಿಡುವುದರ ಬೆಲೆಯನ್ನೂ ಯೋಚಿಸಿ: ಸಸ್ಯಾಹಾರಿಗಳಿಗೆ ಬಿ 12 ಜೀವಸತ್ವ ಆಹಾರದಲ್ಲಿ ಸಿಗುವ ಮುಖ್ಯ ಮೂಲವೇ ಹಾಲು ಮೊಸರು. ನಿಮ್ಮ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದಂಶ ಬೇಕು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದ್ದರೂ ಅದೊಂದೇ ಸಾಲದು. ಡೈನೋಜೆಸ್ಟ್ ದೀರ್ಘಕಾಲ ತೆಗೆದುಕೊಂಡಾಗ ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗುವ ಸಾಧ್ಯತೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಕ್ಕರೆ ಕಡಿಮೆ ಮಾಡಿದ್ದು ಒಳ್ಳೆಯದೇ. ಕಾಫಿ ದಿನಕ್ಕೆ ಒಂದು ಲೋಟ ಕುಡಿಯಬಹುದು.

ಎಲ್ಲವನ್ನೂ ಊಟದ ಮೇಲೆ ಹೊರಿಸುವುದೂ ಅಪಾಯಕರ. ಕೆಲವರಲ್ಲಿ ಎಂಡೊಮೆಟ್ರಿಯೋಸಿಸ್ ಕರುಳಿನ ಗೋಡೆಯನ್ನೇ ಹೊಕ್ಕಿರುತ್ತದೆ, ಹೆಚ್ಚಾಗಿ ಗುದನಾಳ ಮತ್ತು ಅದಕ್ಕೆ ಮೇಲಿನ ದೊಡ್ಡ ಕರುಳಿನ ಕೊನೆಯ ಭಾಗವನ್ನು. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇರುವವರಲ್ಲಿ ಈ ಆಳದ ಕಾಯಿಲೆಯ ಸಾಧ್ಯತೆ ಹೆಚ್ಚು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತಾಗ ಚುಚ್ಚಿದಂಥ ತೀವ್ರ ನೋವು, ಅದೇ ದಿನಗಳಲ್ಲಿ ಭೇದಿ ಅಥವಾ ಮಲಬದ್ಧತೆ, ಮಲದಲ್ಲಿ ರಕ್ತ ಇವು ಅದರ ಗುರುತುಗಳು. ನಿಮಗೆ ಈಗ ಮುಟ್ಟು ನಿಂತಿರುವುದರಿಂದ ಈ ನಂಟು ಕಾಣಿಸುವುದಿಲ್ಲ. ಮಾತ್ರೆ ಆರಂಭಿಸುವ ಮೊದಲು ಹೀಗಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಕರುಳಿನ ಗೋಡೆಯಲ್ಲಿ ಈ ಕಾಯಿಲೆಯ ಗಂಟುಗಳು ಹೊರಗಿನಿಂದ ಒಳಕ್ಕೆ ಬೆಳೆಯುವುದರಿಂದ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಹಾಯಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಒಳಪದರ ಚೆನ್ನಾಗಿಯೇ ಕಾಣಬಹುದು, ಆದ್ದರಿಂದ ಅದು ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಲಾಗದು. ಅನುಭವವುಳ್ಳವರು ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಅಥವಾ ಕಿಬ್ಬೊಟ್ಟೆಯ ಎಂಆರ್‌ಐ ಬೇಕಾಗುತ್ತದೆ. ಇವೆರಡಕ್ಕೂ ನೀವು ಶಿವಮೊಗ್ಗ ದಾಟಿ ಹೋಗಬೇಕಾಗಿಲ್ಲ. ಕಾಯಿಲೆ ಕರುಳಿನಲ್ಲಿದ್ದು ಶಸ್ತ್ರಚಿಕಿತ್ಸೆಯ ಮಾತು ಬಂದರೆ ಮಾತ್ರ ಸ್ತ್ರೀರೋಗ ತಜ್ಞರೂ ಕರುಳಿನ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕೆಲಸ ಮಾಡುವ ದೊಡ್ಡ ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು. ಯಾವ ಸಮಯದಲ್ಲೇ ಆಗಲಿ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನಿದ್ದೆಯಿಂದ ಎಬ್ಬಿಸುವ ಭೇದಿಯಿದ್ದರೆ, ಜ್ವರ ಬಂದರೆ ಎರಡು ವಾರ ಕಾಯಬೇಡಿ. ಹೊಟ್ಟೆ ಬಿಗಿದು ವಾಂತಿಯಾಗುತ್ತ ಗಾಳಿಯೂ ಹೋಗದಿದ್ದರೆ ಅದು ಕರುಳು ಅಡ್ಡಗಟ್ಟಿದ ಲಕ್ಷಣ. ಅದೇ ರಾತ್ರಿ ಆಸ್ಪತ್ರೆ ಸೇರಬೇಕು.

ಊಟ, ಮಾತ್ರೆ ಎಲ್ಲ ಸರಿಪಡಿಸಿದ ಮೇಲೂ ಮಲ ಹೊರಬರಲು ಬಹಳ ತಿಣುಕಬೇಕಾದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರಬಹುದು. ದೀರ್ಘಕಾಲದ ನೋವಿನಲ್ಲಿ ಇದು ಸಾಮಾನ್ಯ, ಫಿಸಿಯೋಥೆರಪಿಯಿಂದ ಸಡಿಲಗೊಳ್ಳುತ್ತದೆ. ಕಮೋಡ್ ಬಳಸುವವರಾದರೆ ಕಾಲಡಿಗೆ ಒಂದು ಸಣ್ಣ ಮಣೆ ಇಟ್ಟು ಮಂಡಿ ಎತ್ತರಿಸಿ ಕುಳಿತುಕೊಳ್ಳಿ.

ಮಗುವಿನ ಯೋಚನೆ ಇರುವುದರಿಂದ ಬಿ 12, ವಿಟಮಿನ್ ಡಿ ಮತ್ತು ಕಬ್ಬಿಣದ ಪರೀಕ್ಷೆಗಳನ್ನು ಈಗಲೇ ಮಾಡಿಸಿ. ಪ್ರಯತ್ನ ಆರಂಭಿಸುವ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಿ. ಅದುವರೆಗೆ ಡೈನೋಜೆಸ್ಟನ್ನು ಗರ್ಭನಿರೋಧಕವೆಂದು ನೆಚ್ಚಬೇಡಿ. ಅದನ್ನು ಆ ಉದ್ದೇಶಕ್ಕೆ ಅನುಮೋದಿಸಿಲ್ಲ, ಕಾಂಡೋಮ್ ಬಳಸಬೇಕು. ಮಾತ್ರೆಯನ್ನು ಯಾವ ತಿಂಗಳು ನಿಲ್ಲಿಸಬೇಕು, ಸಿಸ್ಟ್‌ನ ಗಾತ್ರ ನೋಡಿ ಎಷ್ಟು ತಿಂಗಳು ನೀವಾಗಿಯೇ ಪ್ರಯತ್ನಿಸಬೇಕು ಎಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಿ. ಆ ಭೇಟಿಗೆ ಪತಿಯನ್ನೂ ಕರೆದುಕೊಂಡು ಹೋಗಿ, ಅವರ ವೀರ್ಯ ಪರೀಕ್ಷೆಯೂ ಅದೇ ದಿನ ಆಗಿಬಿಡಲಿ.